ಸ್ವಲ್ಪ ಕೊಬ್ಬು ಇರಲಿ

ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಹಂದಿಮಾಂಸದ ಅಂಗಡಿ ಮುಂದೆ ನಿಂತವರ ವಯಸ್ಸು ತಿಳಿಯಲು ಆಧಾರ್ ಕಾರ್ಡ್ ಬೇಕಿಲ್ಲ, ಅವರು ಕೇಳುವ ತುಂಡೇ ಸಾಕು. ಜಿಮ್ಮಿಗೆ ಹೋಗುವ ಹುಡುಗ ‘ಬೋನ್‌ಲೆಸ್, ಕೊಬ್ಬು ಒಂಚೂರೂ ಬೇಡ’ ಎನ್ನುತ್ತಾನೆ. ಹೊಸದಾಗಿ ಮದುವೆಯಾದ ಜೋಡಿ ಪಕ್ಕೆಲುಬು ಕೇಳುತ್ತದೆ. ಯಾವುದೋ ವಿಡಿಯೊ ನೋಡಿ ಬಂದಿರುತ್ತಾರೆ, ಪಾಪ. ನನ್ನ ವಾರಿಗೆಯವರು ಮಾತ್ರ ಅತ್ತಿತ್ತ ಕಣ್ಣಾಡಿಸಿ, ಪರಿಚಯದ ಡಾಕ್ಟರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ‘ತೊಗಲು ಸಮೇತ ಹೊಟ್ಟೆ ಭಾಗದ್ದು ಹಾಕಪ್ಪಾ’ ಎಂದು ದನಿ ತಗ್ಗಿಸುತ್ತೇವೆ.

ನಾನು ಬಯಲುಸೀಮೆಯವನು. ಕುರಿ ಕೋಳಿಗಳಾಚೆ ಬಾಡೇ ಇಲ್ಲ ಎಂದು ನಂಬಿದ್ದ ಮನೆ ನಮ್ಮದು. ಮೇಷ್ಟ್ರ ಕೆಲಸ ವಿರಾಜಪೇಟೆ ಕಡೆ ಸಿಕ್ಕಿದ್ದರಿಂದ ಹುಡುಗ ಕೆಟ್ಟ ಎಂದರು ಊರಿನವರು. ನಾಲಗೆ ಉದ್ಧಾರವಾಯಿತು ಎಂದೆ ನಾನು. ಉದ್ಧಾರ ಮಾಡಿದ್ದು ಮನೆ ಓನರ್ ಅಕ್ಕ. ಕೊಡವರ ಅಡುಗೆಮನೆಯಲ್ಲಿ ಪಂದಿಕರಿ ಒಲೆಯ ಮೇಲೆ ಶುರುವಾಗುವುದಲ್ಲ, ಮಾಂಸ ಆರಿಸುವಾಗಲೇ ಶುರುವಾಗುತ್ತದೆ. ಅಕ್ಕ ತುಂಡನ್ನು ಬೆಳಕಿಗೆ ಹಿಡಿದು ತೊಗಲು, ಕೊಬ್ಬು, ಮಾಂಸ ಮೂರೂ ಪದರ ಇವೆಯೇ, ರೋಮ ಚೆನ್ನಾಗಿ ಸುಟ್ಟು ಹೆರೆದಿದ್ದಾರೆಯೇ, ಕೊಬ್ಬು ಬೆಳ್ಳಗಿದೆಯೇ ಎಂದು ನೋಡುತ್ತಿದ್ದರು. ಒಮ್ಮೆ ಅವರ ಯಜಮಾನರು ತೊಡೆಯ ಬರೀ ಕೆಂಪು ಮಾಂಸ ತಂದರು. ‘ಇದನ್ನ ಮೇಷ್ಟ್ರ ಶಾಲೆಗೆ ಕಳಿಸಿ, ಮಕ್ಕಳಿಗೆ ರಬ್ಬರ್ ಆಯ್ತು’ ಎಂದರು ಅಕ್ಕ.

ಮಾತು ಖಾರವಾದರೂ ಸುಳ್ಳಲ್ಲ. ತೊಡೆಯಲ್ಲಿ ಕೊಬ್ಬು ಕಡಿಮೆ, ಹೆಚ್ಚು ಹೊತ್ತು ಬೆಂದರೆ ನಾರುನಾರು. ಅದನ್ನು ಸಣ್ಣಗೆ ಕೊಚ್ಚಿ ಕಾಳುಮೆಣಸು ಹಾಕಿ ಹುರಿಯಬೇಕು. ಹೊಟ್ಟೆ ಭಾಗ, ಭುಜದ್ದಾದರೆ ನಿಧಾನವೇ ಮದ್ದು. ಉಪ್ಪು, ಅರಿಸಿನ, ಖಾರದ ಪುಡಿ ಸವರಿ ದಪ್ಪ ತಳದ ಪಾತ್ರೆಗೆ ಹಾಕಿದರೆ ಎಣ್ಣೆ ಬೇಡ, ಅದರ ಕೊಬ್ಬಿನಲ್ಲೇ ಅದು ಬೇಯುತ್ತದೆ. ಗಟ್ಟಿ ತೊಗಲು ಸಣ್ಣ ಉರಿಯಲ್ಲಿ ಕರಗಿ ಅಂಟಂಟಾಗಿ, ಬೆರಳು ಒತ್ತಿದರೆ ಇಳಿಯುವಷ್ಟು ಮೆತ್ತಗಾಗುತ್ತದೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆ, ಮೆಂತ್ಯವನ್ನು ಇನ್ನೇನು ಸೀದುಹೋಯಿತು ಎನ್ನುವವರೆಗೆ ಹುರಿದು ಪುಡಿ ಮಾಡುವುದು ಆಮೇಲೆ. ಎಲ್ಲ ಮುಗಿದ ಮೇಲೆ ಕಾಚಂಪುಳಿ. ಹಣ್ಣಿನ ರಸವನ್ನು ಡಾಂಬರಿನಂತೆ ಕಪ್ಪಗಾಗುವವರೆಗೆ ಬತ್ತಿಸಿದ ಆ ಹುಳಿಯನ್ನು ಅಕ್ಕ ಬೀರುವಿನಲ್ಲಿ ಒಡವೆಯ ಪಕ್ಕ ಇಡುತ್ತಿದ್ದರು. ಕಿಲೋ ಮಾಂಸಕ್ಕೆ ಒಂದೆರಡು ಚಮಚ ಬಿದ್ದರೆ ಸಾಕು, ಕಂದು ಕರಿ ಕಣ್ಣೆದುರೇ ಕಪ್ಪಾಗುತ್ತದೆ, ಜಿಡ್ಡಿನ ಕೊಬ್ಬು ಬಾಲ ಮುದುಡುತ್ತದೆ. ಜೊತೆಗೆ ಅಕ್ಕಿ ತರಿಯ ಕಡಂಬುಟ್ಟು. ಎಷ್ಟು ತಿಂದೆ ಎಂದು ಎಣಿಸುವುದು ಆ ಮನೆಯಲ್ಲಿ ಅಸಭ್ಯತೆ.

ಅಕ್ಕನ ಮಾವನವರಿಗೆ ಈ ಸಾಕಿದ ಹಂದಿಯೆಂದರೇ ತಾತ್ಸಾರ. ಅವರ ಪ್ರಕಾರ ಹಂದಿ ಎಂದರೆ ಕಾಡುಹಂದಿ. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ಅವರ ಮಾತಿನಲ್ಲಷ್ಟೇ ಉಳಿದಿತ್ತು, ಅಲ್ಲಿ ಹಂದಿ ವರ್ಷವರ್ಷವೂ ದಪ್ಪವಾಗುತ್ತಿತ್ತು. ಗೋಡೆಯ ಕೋವಿ ಕೆಳಗಿಳಿಯುತ್ತಿದ್ದದ್ದು ಕೈಲ್‌ಪೋದ್ ಹಬ್ಬದ ಆಯುಧಪೂಜೆಗೆ. ಅಂದು ನನಗೆ ಊಟದ ಕರೆ ತಪ್ಪುತ್ತಿರಲಿಲ್ಲ.

ಈಗ ಅಕ್ಕನಿಗೇ ಡಾಕ್ಟರು ಕೊಬ್ಬು ಬಿಡಿಸಿದ್ದಾರೆ. ಮಕ್ಕಳು ಬಂದಾಗ ಮಾಡಿ ಬಡಿಸುತ್ತಾರೆ, ತಾವು ಕಡಂಬುಟ್ಟಿಗೆ ಬರೀ ರಸ ಸೋಕಿಸಿಕೊಳ್ಳುತ್ತಾರೆ. ನಾನು ಫೋನ್ ಮಾಡಿದರೆ ಕ್ಷೇಮಸಮಾಚಾರಕ್ಕೆ ಮೊದಲೇ ವಿಚಾರಣೆ: ‘ಏನು ತಂದ್ರಿ ಮೇಷ್ಟ್ರೇ? ತೊಗಲಿತ್ತಾ? ಕೊಬ್ಬು ಎಷ್ಟು ದಪ್ಪ?’ ನಾನು ಎರಡು ಬೆರಳು ಎನ್ನುತ್ತೇನೆ. ಆ ಕಡೆಯಿಂದ ನಿಟ್ಟುಸಿರು. ಒಂದು ಬೆರಳಿನದನ್ನು ಎರಡು ಮಾಡಿ ಹೇಳುವುದೂ ಉಂಟು. ಕಿವಿಯಲ್ಲಿ ಉಣ್ಣುವವರಿಗೆ ಯಾಕೆ ಕಡಿಮೆ ಬಡಿಸಬೇಕು?

ನನ್ನ ಮನೆಯಲ್ಲಿ ಒಪ್ಪಂದವಾಗಿದೆ. ಮಗಳಿಗೆ ತೊಡೆಯ ಮಾಂಸ ಹುರಿದದ್ದು, ನನಗೆ ಹೊಟ್ಟೆ ಭಾಗ, ಅದೂ ಹಬ್ಬಕ್ಕೆ ಮಾತ್ರ. ಹಬ್ಬಗಳ ಪಟ್ಟಿಯನ್ನು ನಾನೇ ತಯಾರಿಸುತ್ತೇನೆ. ಕೊಲೆಸ್ಟರಾಲ್ ಪರೀಕ್ಷೆಯನ್ನಂತೂ ಸೆಪ್ಟೆಂಬರ್ 3ರ ಕೈಲ್‌ಪೋದ್‌ಗೆ ಮುಂಚೆಯೇ ಮುಗಿಸಿಬಿಡುವುದು ನನ್ನ ಪದ್ಧತಿ.