ಇಲ್ಲದ ಮೂಳೆ, ಇರುವ ನಗು

ಪಕ್ಕೆಲುಬುಗಳ ನಡುವಿನದಕ್ಕೆ 'ಇಂಟರ್‌ಕಾಸ್ಟಲ್' ಎನ್ನುತ್ತೇವೆ. 'ಕ್ಲಾವಿಕಲ್' ಎಂದರೆ ಭುಜದ ಹತ್ತಿರದ ಕೊರಳೆಲುಬು. ಎರಡನ್ನೂ ಸೇರಿಸಿ 'ಇಂಟರ್‌ಕಾಸ್ಟಲ್ ಕ್ಲಾವಿಕಲ್' ಎಂದು ಯಾರಾದರೂ ಉತ್ತರಪತ್ರಿಕೆಯಲ್ಲಿ ಬರೆದರೆ ನಾನು ಸೊನ್ನೆ ಹಾಕುತ್ತೇನೆ. ಅಂಥ ಮೂಳೆ ಮನುಷ್ಯನಲ್ಲೂ ಇಲ್ಲ, ಡೈನೊಸಾರ್‌ನಲ್ಲೂ ಇಲ್ಲ. ಆದರೆ 1938ರ 'ಬ್ರಿಂಗಿಂಗ್ ಅಪ್ ಬೇಬಿ' ಎಂಬ ಹಾಲಿವುಡ್ ಚಿತ್ರ ನಡೆಯುವುದೇ ಈ ಇಲ್ಲದ ಮೂಳೆಯ ಮೇಲೆ. ಬ್ರಾಂಟೊಸಾರಸ್ ಅಸ್ಥಿಪಂಜರ ಜೋಡಿಸುತ್ತ ವರ್ಷಗಟ್ಟಲೆ ಕಳೆದ ವಿಜ್ಞಾನಿಗೆ ಕಡೆಯ ಮೂಳೆ ಸಿಗುತ್ತದೆ. ಅದನ್ನು ನಾಯಿಯೊಂದು ಕಚ್ಚಿಕೊಂಡು ಹೋಗಿ ತೋಟದಲ್ಲಿ ಹೂತುಬಿಡುತ್ತದೆ! ಇದರ ಮಧ್ಯೆ ಒಂದು ಸಾಕಿದ ಚಿರತೆ, ಬಾಯಿಗೆ ಬೀಗವಿಲ್ಲದ ಒಬ್ಬ ಹುಡುಗಿ. ವಿಜ್ಞಾನಿ ಕ್ಯಾರಿ ಗ್ರಾಂಟ್, ಹುಡುಗಿ ಕ್ಯಾಥರೀನ್ ಹೆಪ್‌ಬರ್ನ್. ಕೊನೆಗೆ ಆ ಅಸ್ಥಿಪಂಜರದ ಗತಿ ಏನಾಗುತ್ತದೆಂದು ಹೇಳಿ ನಿಮ್ಮ ಸಂತೋಷ ಕೆಡಿಸುವುದಿಲ್ಲ.

ವಿಜ್ಞಾನದ ಮೇಷ್ಟ್ರಿಗೆ ಸಿಟ್ಟು ಬರಬೇಕಿತ್ತು. ನನಗೆ ಪ್ರೀತಿ ಬಂತು.

1995ರಲ್ಲಿ ಕೇಬಲ್‌ಗೆ ಒಂದು ಜೋಡಿ ಚಾನೆಲ್ ಬಂದದ್ದು ಅನೇಕ ತಂದೆತಾಯಿಯರಿಗೆ ನೆನಪಿರಬಹುದು. ಹಗಲು ಹೊತ್ತು ಕಾರ್ಟೂನ್ ನೆಟ್‌ವರ್ಕ್, ರಾತ್ರಿ ಅದೇ ಜಾಗದಲ್ಲಿ ಟಿಎನ್‌ಟಿಯ ಹಳೆಯ ಹಾಲಿವುಡ್ ಚಿತ್ರಗಳು. ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು ಮರುದಿನದ ಪಾಠದ ಟಿಪ್ಪಣಿ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದೆ. ಅರ್ಧ ಮಾತು ತಿಳಿಯುತ್ತಿರಲಿಲ್ಲ. ಆದರೂ ಒಬ್ಬನೇ ಕುಳಿತು ನಕ್ಕಿದ್ದೇನೆ.

ಇಂಥ ಚಿತ್ರಗಳಿಗೆ 'ಸ್ಕ್ರೂಬಾಲ್ ಕಾಮಿಡಿ' ಎನ್ನುತ್ತಾರೆ. ಸ್ಕ್ರೂಬಾಲ್ ಎಂದರೆ ಬೇಸ್‌ಬಾಲಿನ ಒಂದು ಎಸೆತ. ಸಾಮಾನ್ಯವಾಗಿ ಬಾಗುವ ಚೆಂಡು ಯಾವ ಕಡೆ ಹೋಗುವುದೋ ಅದರ ವಿರುದ್ಧ ದಿಕ್ಕಿಗೆ ಇದು ಬಾಗುತ್ತದೆ. ನಮ್ಮ ಗೂಗ್ಲಿ ನೆಲಕ್ಕೆ ಬಿದ್ದು ತಿರುಗಿದರೆ, ಇದು ಗಾಳಿಯಲ್ಲೇ ತಿರುಗುತ್ತದೆ. ಸುತ್ತುವ ಚೆಂಡು ಗಾಳಿಯನ್ನು ಒಂದು ಬದಿಗೆ ತಳ್ಳುತ್ತದೆ, ಗಾಳಿ ಅದನ್ನು ಇನ್ನೊಂದು ಬದಿಗೆ ತಳ್ಳುತ್ತದೆ. ಇದೇ ಮ್ಯಾಗ್ನಸ್ ಪರಿಣಾಮ. 1930ರ ದಶಕದಲ್ಲಿ ಕಾರ್ಲ್ ಹಬೆಲ್ ಎಂಬ ಆಟಗಾರ ಈ ಎಸೆತದಿಂದ ಹೆಸರು ಮಾಡಿದ್ದ. ಈ ಚಿತ್ರಗಳ ನಾಯಕಿಯರೂ ಹಾಗೆಯೇ. ಎದುರಿಗಿದ್ದವನು ಎಡಕ್ಕೆ ಬ್ಯಾಟು ಬೀಸಿದರೆ ಅವರು ಬಲಕ್ಕೆ!

1934ರ 'ಇಟ್ ಹ್ಯಾಪನ್ಡ್ ಒನ್ ನೈಟ್' ಈ ಸಾಲಿನ ಹಿರಿಯಕ್ಕ. ಮನೆ ಬಿಟ್ಟು ಓಡುವ ಶ್ರೀಮಂತರ ಹುಡುಗಿ ಕ್ಲಾಡೆಟ್ ಕೋಲ್ಬೆರ್, ಬಸ್ಸಿನಲ್ಲಿ ಗಂಟುಬೀಳುವ ಪತ್ರಕರ್ತ ಕ್ಲಾರ್ಕ್ ಗೇಬಲ್. ಕಥೆ ಎಲ್ಲೋ ಕೇಳಿದಂತಿದೆಯೇ? 1956ರ 'ಚೋರಿ ಚೋರಿ', 1991ರ 'ದಿಲ್ ಹೈ ಕೆ ಮಾನ್‌ತಾ ನಹೀ', ನಮ್ಮ ಗಣೇಶ್ ನಟಿಸಿದ 2007ರ 'ಹುಡುಗಾಟ', ಎಲ್ಲವೂ ಇದೇ ಬಸ್ಸಿನ ಪ್ರಯಾಣಿಕರು.

ತೆರೆಯ ಮೇಲೆ ನಗಿಸಿದವರ ಬದುಕು ಅಷ್ಟು ಹಗುರವಾಗಿರಲಿಲ್ಲ. ಬಾರ್ಬರಾ ಸ್ಟಾನ್ವಿಕ್ ನಾಲ್ಕನೆಯ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡವಳು. 'ದಿ ಲೇಡಿ ಈವ್' ಚಿತ್ರದಲ್ಲಿ ಹಾವುಗಳ ಬಗ್ಗೆ ಎಲ್ಲ ತಿಳಿದ, ಹೆಂಗಸರ ಬಗ್ಗೆ ಏನೂ ತಿಳಿಯದ ಪಂಡಿತನೊಬ್ಬನನ್ನು ಆಕೆ ಆಟವಾಡಿಸುವುದನ್ನು ನೋಡಬೇಕು. (ವಿಜ್ಞಾನಿಗಳನ್ನು ಕಂಡರೆ ಈ ಚಿತ್ರಗಳಿಗೆ ಅದೇನು ಮೋಜೋ!) ಹೆಪ್‌ಬರ್ನ್‌ಗೆ 1938ರಲ್ಲಿ ಚಿತ್ರಮಂದಿರದ ಮಾಲೀಕರು 'ಗಲ್ಲಾಪೆಟ್ಟಿಗೆಗೆ ವಿಷ' ಎಂದು ಹಣೆಪಟ್ಟಿ ಅಂಟಿಸಿದರು. ಬದುಕಿನಲ್ಲಿ ಆಕೆಗೆ ಒಟ್ಟು ನಾಲ್ಕು ಆಸ್ಕರ್ ಬಂದವು. 'ಮೈ ಮ್ಯಾನ್ ಗಾಡ್‌ಫ್ರೀ'ಯ ಕೆರೋಲ್ ಲೊಂಬಾರ್ಡ್ ಯುದ್ಧನಿಧಿಯ ಬಾಂಡುಗಳನ್ನು ಮಾರಿ ಊರಿಗೆ ಮರಳುವಾಗ, 1942ರ ಜನವರಿ 16ರಂದು, ವಿಮಾನ ಅಪಘಾತದಲ್ಲಿ ತೀರಿಕೊಂಡಳು. ವಯಸ್ಸು ಬರೀ 33. ಆಕೆಯ ಕಡೆಯ ಚಿತ್ರ ತೆರೆಗೆ ಬಂದದ್ದು ಆಮೇಲೆ. ಅದೂ ನಗೆಚಿತ್ರವೇ. ಅದನ್ನು ನಾನು ಒಂದೇ ಸಲ ನೋಡಿದ್ದೇನೆ.

ನಮ್ಮ ಶಾಲೆಗೆ ಬರುವ ತಂದೆಯರು ಗಂಡುಮಕ್ಕಳ ಬಗ್ಗೆ "ಓದುವುದಿಲ್ಲ" ಎನ್ನುತ್ತಾರೆ, ಹೆಣ್ಣುಮಕ್ಕಳ ಬಗ್ಗೆ "ಬಾಯಿ ಜಾಸ್ತಿ ಮೇಷ್ಟ್ರೇ, ಸ್ವಲ್ಪ ಬುದ್ಧಿ ಹೇಳಿ" ಎನ್ನುತ್ತಾರೆ. ನಾನು ತಲೆಯಾಡಿಸಿ ಕಳಿಸುತ್ತೇನೆ, ಬುದ್ಧಿ ಮಾತ್ರ ಹೇಳುವುದಿಲ್ಲ. ಬಾಯಿ ಇರುವ ಹುಡುಗಿಯರೇ ತರಗತಿಯಲ್ಲಿ "ಏಕೆ?" ಎಂದು ಕೇಳುವವರು.

ಅಂಥ ಒಬ್ಬಳು ಹೋದ ವರ್ಷ ಅಪ್ಪನ ಜೊತೆ ಲಗ್ನಪತ್ರಿಕೆ ಕೊಡಲು ಮನೆಗೆ ಬಂದಿದ್ದಳು. ಬಿಎಸ್ಸಿ ಕೊನೆಯ ವರ್ಷ, ಪರೀಕ್ಷೆಗೆ ಮೂರು ತಿಂಗಳು. "ಓದು ಆಮೇಲೂ ಆದೀತು ಬಿಡಿ" ಎಂದರು ಅಪ್ಪ. ಹುಡುಗಿ ಕಾಫಿ ಲೋಟ ನೋಡುತ್ತಿದ್ದಳು. ವಾದ ಮಾಡುವ ಹಕ್ಕು ನನಗಿರಲಿಲ್ಲ. ಅದಕ್ಕೇ 'ಹಿಸ್ ಗರ್ಲ್ ಫ್ರೈಡೇ' ಕಥೆ ಹೇಳಿದೆ. 1940ರದು. ಮೂಲ ನಾಟಕದಲ್ಲಿ ಗಂಡಸಾಗಿದ್ದ ವರದಿಗಾರನನ್ನು ನಿರ್ದೇಶಕ ಹೊವಾರ್ಡ್ ಹಾಕ್ಸ್ ಹೆಣ್ಣಾಗಿಸಿದ. ಪಾತ್ರಧಾರಿ ರೋಸಲಿಂಡ್ ರಸೆಲ್. ಕೆಲಸ ಬಿಟ್ಟು, ಸಾಧು ಸ್ವಭಾವದ ವರನ ಜೊತೆ ಆಲ್ಬನಿ ಊರಿಗೆ ಹೊರಟವಳು, ಒಂದು ಸುದ್ದಿಯ ಬೆನ್ನು ಹತ್ತಿ ಕೆಲಸದಲ್ಲೇ ಉಳಿಯುತ್ತಾಳೆ. ಸಂಪಾದಕನನ್ನು, ಅಂದರೆ ತನ್ನ ಮಾಜಿ ಗಂಡನನ್ನೇ, ಮತ್ತೆ ಮದುವೆಯಾಗಲು ಒಪ್ಪುತ್ತಾಳೆ. ಅವಳನ್ನು ಉಳಿಸಿಕೊಳ್ಳಲು ಅವನು ಮಾಡುವ ಮೋಸಗಳು ನನಗೆ ಇಂದಿಗೂ ಹಿಡಿಸುವುದಿಲ್ಲ, ಅದನ್ನೂ ಹೇಳಿದೆ.

"ಆಮೇಲೆ ಅವಳು ಕೆಲಸ ಮಾಡಿದಳಾ ಸಾರ್?" ಹುಡುಗಿ ತಲೆಯೆತ್ತಿ ಕೇಳಿದಳು.

"ಮಧುಚಂದ್ರಕ್ಕೆ ನಯಾಗರಾಕ್ಕೆ ಹೊರಡುತ್ತಾರಮ್ಮಾ. ಅಷ್ಟರಲ್ಲಿ ಆಲ್ಬನಿಯಲ್ಲಿ ಮುಷ್ಕರ ಅಂತ ಸುದ್ದಿ ಬರುತ್ತೆ. ಇಬ್ಬರೂ ವರದಿ ಮಾಡೋಕೆ ಅಲ್ಲಿಗೇ ಓಡುತ್ತಾರೆ."

"ಸೂಟ್‌ಕೇಸ್ ಯಾರು ಹೊತ್ತರು?"

"ಅವಳೇ" ಎಂದೆ.

ಅವಳು ಜೋರಾಗಿ ನಕ್ಕಳು. ಅಪ್ಪ ಒಮ್ಮೆ ಅವಳ ಮುಖ ನೋಡಿದರು, ಒಮ್ಮೆ ಕೈಯಲ್ಲಿದ್ದ ಪತ್ರಿಕೆಗಳ ಕಟ್ಟು ನೋಡಿದರು. "ಪರೀಕ್ಷೆ ಯಾವಾಗ ಅಂದೆಯಮ್ಮಾ?" ಎಂದು ಕೇಳಿದರು.