ಪಟದ ಬೆನ್ನಿನ ಹೆಸರುಗಳು

ಅರಸೀಕೆರೆಯೆಂದೊಡನೆ ಹೊರಗಿನವರಿಗೆ ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ ನೆನಪಾಗುವುದು ಸಹಜ. ಹರಪನಹಳ್ಳಿ ತಾಲ್ಲೂಕಿನಲ್ಲಿಯೂ ಆ ಹೆಸರಿನ ಊರೊಂದುಂಟು. ಜಂಕ್ಷನ್ನಿನ ಕೀರ್ತಿ ಇದಕ್ಕಿಲ್ಲ. ಇದ್ದಲ್ಲಿಯೇ ಇದ್ದು ಆಡಳಿತಗಳನ್ನು ಬದಲಿಸಿದ ವೈಚಿತ್ರ್ಯ ಮಾತ್ರ ಇದರದು: 1953ರವರೆಗೆ ಮದ್ರಾಸಿಗೆ ಸೇರಿದ ಬಳ್ಳಾರಿ, ಅನಂತರ ಮೈಸೂರಿಗೆ ಸೇರಿದ ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ಮರಳಿ ಬಳ್ಳಾರಿ, 2021ರಲ್ಲಿ ವಿಜಯನಗರ!

ಈ ಊರಿನ ನಿವೃತ್ತ ಮೇಷ್ಟರೊಬ್ಬರಿಗೆ ಹಳೆಯ ಪಟಗಳ ಹುಚ್ಚು. ಪಟದ ಚೆಲುವಿಗಿಂತ ಅದರ ಬೆನ್ನಿನ ಮೇಲೆಯೇ ಅವರ ಕಣ್ಣು. ಯಾರ ಮನೆಗೆ ಹೋದರೂ ಗೋಡೆಯ ಪಟವನ್ನು ಇಳಿಸಿ, ಧೂಳೊರಸಿ, ಅದರಲ್ಲಿರುವವರ ಹೆಸರುಗಳನ್ನು ಕೇಳಿ, ಹಿಂಬದಿಯಲ್ಲಿ ಮೆದುವಾದ ಪೆನ್ಸಿಲಿನಿಂದ ಬರೆದಿಡುವರು. ಮಸಿಯಾದರೆ ಕಾಗದದೊಳಗೆ ಇಳಿದು ಮುಖವನ್ನೇ ಕೆಡಿಸೀತೆಂಬ ಭಯ.

ಈ ಹುಚ್ಚಿಗೆ ಮೂಲ ಹಂಪೆಯ ಒಂದು ಚಿತ್ರ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸು ಸೈನ್ಯದ ಅಧಿಕಾರಿ, ಮೇಣ ಹಿಡಿಸಿದ ಕಾಗದದ ದೊಡ್ಡ ನೆಗೆಟಿವುಗಳಲ್ಲಿ ಅಲ್ಲಿಯ ಅವಶೇಷಗಳನ್ನು ಸೆರೆಹಿಡಿದನು. ಇಂದು ಕಲ್ಲಿನ ರಥದ ನೆತ್ತಿ ಬೋಳು. ಗ್ರೀನ್‌ಲಾನ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವಿದೆ. ಎಲ್ಲರೂ ಬೆರಗಾಗುವುದು ಆ ಶಿಖರವನ್ನು ಕಂಡು. ಮೇಷ್ಟರನ್ನು ಕಾಡಿದ್ದು ಬೇರೆಯೇ. ಆ ಬಗೆಯ ಕಾಗದದ ಮೇಲೆ ಬೆಳಕು ಬಹಳ ಹೊತ್ತು ಬೀಳಬೇಕಾಗಿತ್ತು. ಕದಲದ ಕಲ್ಲು ಉಳಿಯಿತು. ಎದುರಿನಲ್ಲಿ ಯಾವ ದನಗಾಹಿ ನಡೆದುಹೋಗಿದ್ದರೂ, ಯಾವಳು ಕಟ್ಟಿಗೆ ಹೊತ್ತು ಹಾದಿದ್ದರೂ ಕುರುಹು ಉಳಿಯುವಂತಿರಲಿಲ್ಲ.

ಇನ್ನು 1876–78ರ ಧಾತು ಸಂವತ್ಸರದ ಬರ. ಬಳ್ಳಾರಿ ಜಿಲ್ಲೆ ಅದರಲ್ಲಿ ಬಹಳವಾಗಿ ನೊಂದಿತು. ಮದ್ರಾಸು ಪ್ರಾಂತದ ಆ ಹಸಿವನ್ನು ಹೂಪರ್ ಎಂಬ ಸೈನ್ಯಾಧಿಕಾರಿ ಚಿತ್ರಿಸಿದನು. ಎಲುಬಿನ ಗೂಡಾದ ಜನ ಕ್ಯಾಮರಾದ ಮುಂದೆ ಕುಳಿತಿದ್ದಾರೆ. ಕದಲುವ ತ್ರಾಣವಾದರೂ ಎಲ್ಲಿತ್ತು? ಅವರ ಮುಖಗಳು ಉಳಿದುವು. ತೆಗೆದವನ ಹೆಸರು ಉಳಿಯಿತು. ಅವರ ಹೆಸರುಗಳು ಮಾತ್ರ ಇಲ್ಲ.

ಒಂದು ಸಂಜೆ ಕುಟುಂಬವೊಂದರ ಪಟ ಮೇಷ್ಟರ ಕೈಗೆ ಬಂದಿತು. ಅದರಲ್ಲಿ ಏಳು ಜನ. ಹೆಸರು ಬಲ್ಲವರು ಎಂಬತ್ತು ದಾಟಿದ ಮುದುಕಿಯೊಬ್ಬರೇ. ಅವರಿಗೆ ಕಣ್ಣು ಕಾಣದು. ಮೇಷ್ಟರು ಒಬ್ಬೊಬ್ಬರ ಉಡುಗೆ, ನಿಲುವುಗಳನ್ನು ಬಣ್ಣಿಸುತ್ತ ಹೋದರು.

“ಕೈ ತೊಡಿಮ್ಯಾಲೆ ಊರಿ ಕುಂತಾನೇನ್ರಿ ಮೇಷ್ಟ್ರೇ? ಹಂಗಾರ ಆತ ನಮ್ಮಪ್ಪ. ಮದ್ರಾಸಿನ ಸರ್ಕಾರ ಹೋದ ವರ್ಷ ತೆಗೆಸಿದ್ದು.”

ಹಾಗಾದರೆ 1953. ಆರು ಹೆಸರುಗಳು ದೊರೆತುವು. ಏಳನೆಯದು ತುದಿಯಲ್ಲಿ ನಿಂತ ಮಗು. ಕತ್ತು ಹೊರಳಿಸಿದ್ದರಿಂದ ಅದರ ಮುಖ ಹೊಗೆಯಂತೆ ಕಲಸಿಹೋಗಿತ್ತು.

“ದೊಡ್ಡವ್ವ, ಇಲ್ಲೊಂದು ಕೂಸೈತಿ. ಮುಖ ಕಾಣವಲ್ದು.”

ಮುದುಕಿ ಬಹಳ ಹೊತ್ತು ಮಾತನಾಡಲಿಲ್ಲ.

“ನನ್ನ ತಮ್ಮ. ನಿಂತಲ್ಲಿ ನಿಲ್ತಿದ್ದಿಲ್ಲ. ಮುಂದಿನ ಮಳೆಗಾಲಕ್ಕ ಹೋದ.”

“ಹೆಸರು?”

“ಇಟ್ಟಿದ್ರು. ನನಗ ನೆನಪಿಲ್ಲ. ಎಲ್ಲಾರೂ ಸಣ್ಣಾ ಅಂತಿದ್ವಿ.”

ಮೇಷ್ಟರು ಪಟವನ್ನು ಮಗುಚಿ, ಏಳನೆಯ ಸಾಲಿನಲ್ಲಿ ‘ಸಣ್ಣಾ’ ಎಂದು ಬರೆದು ಓದಿ ಹೇಳಿದರು. ಮುದುಕಿ ಕೈ ಚಾಚಿ, ಬರೆದುದು ಎಲ್ಲಿದೆಯೆಂದು ಬೆರಳಿನಿಂದ ತಡವಿ ನೋಡಿದರು.