ಮೇಜು ಒರೆಸಿದ ಹುಡುಗಿ

ಪೀಡಿಸಿದವರ ಮೇಲೆ ಸೇಡು ತೀರಿಸಿಕೊಳ್ಳುವ ಕಥೆಗಳು ಜಪಾನಿನ ಮಾಂಗಾಗಳಲ್ಲಿ ಬೇಕಾದಷ್ಟಿವೆ. ಮಾಂಗಾ ಎಂದರೆ ಅಲ್ಲಿನ ಚಿತ್ರಕಥೆ. ಬಲದಿಂದ ಎಡಕ್ಕೆ ಓದಬೇಕು. ಎಪ್ಪತ್ತು ದಾಟಿದ ಕಣ್ಣಿಗೆ ಅದೇ ಒಂದು ಕಸರತ್ತು! ಯೋಶಿತೋಕಿ ಓಯಿಮಾ ಎಂಬಾಕೆ 2013-14ರಲ್ಲಿ ಧಾರಾವಾಹಿಯಾಗಿ ಬರೆದ ‘ಕೋಯೆ ನೋ ಕತಾಚಿ’, ಅಂದರೆ ‘ಧ್ವನಿಯ ಆಕಾರ’, ಬೇರೆಯೇ ದಾರಿ ಹಿಡಿಯುತ್ತದೆ.

ಆರನೆಯ ತರಗತಿಗೆ ಕಿವಿ ಕೇಳದ ಶೋಕೋ ಬರುತ್ತಾಳೆ. ಶೋಯಾ ಅವಳ ಶ್ರವಣಯಂತ್ರ ಕಿತ್ತೆಸೆಯುತ್ತಾನೆ. ಉಳಿದವರು ನಗುತ್ತಾರೆ. ವಿಚಾರಣೆಯಾದೊಡನೆ ನಕ್ಕವರೇ ಅವನತ್ತ ಬೆರಳು ತೋರಿಸಿ, ಅಂದಿನಿಂದ ಅವನನ್ನೇ ಪೀಡಿಸುತ್ತಾರೆ, ಅವನ ಮೇಜಿನ ಮೇಲೆ ಬೈಗುಳ ಗೀಚುತ್ತಾರೆ. ಸೇಡಿನ ಕಥೆಯಾಗಿದ್ದರೆ ಇಲ್ಲಿಗೆ ಮುಗಿದು ಓದುಗರಿಗೆ ಖುಷಿಯಾಗಬೇಕಿತ್ತು. ಆದರೆ ಆ ಬೈಗುಳಗಳನ್ನು ಸದ್ದಿಲ್ಲದೆ ಒರೆಸುತ್ತಿದ್ದವಳು ಶೋಕೋ. ಅವನಿಗೆ ಅದು ತಿಳಿಯುವುದು ಅವಳು ಶಾಲೆ ಬಿಟ್ಟುಹೋದ ಮೇಲೆ.

ಹಾಳಾದ ಯಂತ್ರಗಳಿಗೆ ಅವನ ತಾಯಿ ತೆತ್ತದ್ದು 17 ಲಕ್ಷ ಯೆನ್. ಬ್ಯಾಂಕಿನಲ್ಲಿ ಲೆಕ್ಕ ಬರೆದವನಿಗೆ ಮುಂದಿನದು ಬಹಳ ಹಿಡಿಸಿತು: ಹುಡುಗ ದೊಡ್ಡವನಾಗಿ ದುಡಿದು, ತನ್ನ ಸಾಮಾನುಗಳನ್ನೂ ಮಾರಿ, ಅಷ್ಟೂ ಹಣವನ್ನು ತಾಯಿಯ ತಲೆದೆಸೆಯಲ್ಲಿಡುತ್ತಾನೆ. ಸಂಜ್ಞೆ ಭಾಷೆ ಕಲಿತು, ಅಂದು ನೀರಿಗೆಸೆದಿದ್ದ ಅವಳ ನೋಟ್‌ಬುಕ್ಕನ್ನು ಹಿಡಿದು ಶೋಕೋಳನ್ನು ಹುಡುಕಿಕೊಂಡು ಹೋಗುತ್ತಾನೆ.

ಶೋಕೋ ಅವನನ್ನು ಬಹುಬೇಗ ನಂಬುತ್ತಾಳೆ. ಅವಳ ತಂಗಿ ಮಾತ್ರ ಅಡ್ಡ ನಿಂತು ಅವನನ್ನು ಹತ್ತಿರ ಬಿಡುವುದಿಲ್ಲ. ನನಗೆ ಆ ಪುಟ್ಟ ತಂಗಿಯೇ ಹೆಚ್ಚು ಇಷ್ಟ.